ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಏನು ನೋಡಬೇಕು?

ತುಮಕೂರಿನ ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸಗಾರರ ನಡವಳಿಕೆ ಅಧ್ಯಯನ ಮಾಡುವುದಾದರೆ ಆಡಳಿತದವರ ಒಪ್ಪಿಗೆಯೊಂದೇ ಸಾಲದು, ಕೆಲಸಗಾರರನ್ನೂ ಕೇಳಿ. ಮೊದಲ ಮೂರು ದಿನದ ಟಿಪ್ಪಣಿ ಲೆಕ್ಕಕ್ಕೆ ಹಿಡಿಯಬೇಡಿ. ಯಾರೋ ನೋಡುತ್ತಿದ್ದಾರೆಂದರೆ ಜನ ಬೇರೆ ಥರವೇ ಇರುತ್ತಾರೆ. ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳಿಂದ ಇದಕ್ಕೆ ‘ಹಾಥಾರ್ನ್ ಪರಿಣಾಮ’ ಎಂಬ ಹೆಸರೇ ಬಂತು.

ಶಿಫ್ಟ್ ಬದಲಾಗುವ ಅರ್ಧ ಗಂಟೆ ಬಲು ಮುಖ್ಯ. ಕೆಟ್ಟ ಮೆಷಿನ್ ವಿಷಯ ಯಾರು ಯಾರಿಗೆ ಹೇಳಿದರು, ಬಾಯಲ್ಲೋ ಲಾಗ್‌ಬುಕ್ಕಿನಲ್ಲೋ, ಸೂಪರ್‌ವೈಸರ್ ಬಂದಾಗ ಮಾತು ನಿಂತಿತೇ, ಎಲ್ಲವನ್ನೂ ಸಮಯ ಹಾಕಿ ಬರೆಯಿರಿ. ‘ಸಿಟ್ಟಾದ’ ಎನ್ನಬೇಡಿ, ‘ಸ್ಪ್ಯಾನರ್ ಮೇಜಿನ ಮೇಲೆ ಎಸೆದ, ಉತ್ತರ ಕೊಡಲಿಲ್ಲ’ ಎನ್ನಿ. ಕಾರಣವನ್ನು ಆಮೇಲೆ ಅವರನ್ನೇ ಕೇಳಿ. 20 ನಿಮಿಷ ಸಾಕು, ಮೇಲಿನವರ ಕಣ್ಣೆದುರು ಬೇಡ, ಟೀ ಅಂಗಡಿಯೇ ವಾಸಿ. ಹೆಸರಿನ ಬದಲು ಸಂಖ್ಯೆ ಹಾಕಿ. ಗುತ್ತಿಗೆ ಕೆಲಸಗಾರರನ್ನು ಬಿಡಬೇಡಿ. ಅವರ ಮೇಸ್ತ್ರಿ ಬೇರೆ, ಹಾಜರಿ ಪುಸ್ತಕವೂ ಬೇರೆ.