ಪ್ರಾಗ್‌ನಲ್ಲಿ ಒಂದು ಕಥೆಯ ಜಾಡು ಹಿಡಿದು

ಪ್ರಾಗ್ ನೋಡಲು ಒಂದು ವಾರವಾದರೂ ಬೇಕು ಅನ್ನುವವರೇ ಜಾಸ್ತಿ. ನಮಗೆ ಸಿಕ್ಕಿದ್ದು ಒಂದು ವಾರಾಂತ್ಯ. ನಾನು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕೆಲಸದಲ್ಲಿದ್ದೇನೆ. ಏಪ್ರಿಲ್ ಕೊನೆಗೆ ಉಡುಪಿಯಿಂದ ಅಮ್ಮ ಬಂದಿದ್ದರು. ಅವರ ಷೆಂಗೆನ್ ವೀಸಾದಲ್ಲೇ ಚೆಕ್ ದೇಶಕ್ಕೂ ಹೋಗಬಹುದು, ಬೇರೆ ವೀಸಾ ಬೇಡ. ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಡ್ರೆಸ್ಡೆನ್ ಕಡೆಯಿಂದ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಎಲ್ಬೆ ಹೊಳೆ ಮತ್ತು ಮರಳುಗಲ್ಲಿನ ಬಂಡೆಗಳು ಆ ಕಡೆಗೇ ಸಿಗುತ್ತವೆ.

ಅಮ್ಮನಿಗೆ ಮಂಡಿನೋವು. ಹತ್ತು ಕಡೆ ಓಡಾಡಿಸಿ ಸುಸ್ತು ಮಾಡಿಸುವ ಹಾಗಿಲ್ಲ. ಅದಕ್ಕೆ ಹೊರಡುವ ಮುಂಚೆ ನೋಡುವ ಜಾಗಗಳ ಪಟ್ಟಿ ಬದಿಗಿಟ್ಟು ಒಂದೇ ಒಂದು ಕಥೆ ಹಿಡಿದುಕೊಂಡೆ. ಆ ಕಥೆ ಎಲ್ಲೆಲ್ಲಿ ನಡೆಯಿತೋ ಅಲ್ಲಿಗೆ ಮಾತ್ರ ಹೋಗುವುದು, ಉಳಿದದ್ದು ದಾರಿಯಲ್ಲಿ ಸಿಕ್ಕಿದಷ್ಟು. ನಾನು ಆರಿಸಿಕೊಂಡದ್ದು 1618ರ ಕಿಟಕಿಯ ಕಥೆ.

ಕಥೆ ಇಷ್ಟು. ಈಗಿನ ಚೆಕ್ ದೇಶದಲ್ಲಿರುವ ಬೊಹೀಮಿಯಾದ ಪ್ರಾಟೆಸ್ಟೆಂಟ್ ಪ್ರಮುಖರಿಗೂ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ದೊರೆಗಳಿಗೂ ಜಗಳ ಮುಟ್ಟಿ, 1618ರ ಮೇ 23ರಂದು ಪ್ರಮುಖರು ಪ್ರಾಗ್ ಕೋಟೆಯೊಳಗೆ ನುಗ್ಗಿದರು. ದೊರೆಯ ಪರವಾಗಿದ್ದ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಎತ್ತಿ ಕಿಟಕಿಯಿಂದ ಆಚೆ ಎಸೆದರು. ಅಷ್ಟೆತ್ತರದಿಂದ ಬಿದ್ದರೂ ಮೂವರೂ ಬದುಕಿದರು. ದೇವರು ಕಾಪಾಡಿದ ಅಂತ ಕ್ಯಾಥೊಲಿಕರು ಹೇಳಿದರು. ಕೆಳಗೆ ಕಸದ ರಾಶಿ ಇತ್ತು ಅಂತ ಇನ್ನೊಂದು ಕಡೆಯವರು ಹೇಳಿದರು. ಅಲ್ಲಿಂದ ಶುರುವಾದ ಯುದ್ಧ 1648ರ ತನಕ, ಮೂವತ್ತು ವರ್ಷ, ಯುರೋಪಿನ ಅರ್ಧ ಭಾಗವನ್ನು ಸುಟ್ಟಿತು.

ವಾರಾಂತ್ಯಕ್ಕೆ ಹೋಗುವವರು ಮೊದಲೇ ತಿಳಿದಿರಬೇಕಾದ ವಿಷಯ ಒಂದಿದೆ. ಯಹೂದಿಗಳ ಹಳೇ ಕೇರಿ ಯೋಸೆಫೋವ್‌ನ ಮ್ಯೂಸಿಯಂಗಳು ಶನಿವಾರ ಮುಚ್ಚಿರುತ್ತವೆ. ಕೋಟೆಯೊಳಗಿನ ದೊಡ್ಡ ಚರ್ಚಿನಲ್ಲಿ ಭಾನುವಾರ ಬೆಳಿಗ್ಗೆ ಪೂಜೆ, ಪ್ರವಾಸಿಗಳಿಗೆ ಮಧ್ಯಾಹ್ನದ ಮೇಲೆಯೇ ಪ್ರವೇಶ. ಹಾಗಾಗಿ ಶನಿವಾರ ಕೋಟೆ, ಭಾನುವಾರ ಯೋಸೆಫೋವ್. ಇದನ್ನು ಅದಲುಬದಲು ಮಾಡಿದರೆ ಯೋಸೆಫೋವ್ ಕೈತಪ್ಪುತ್ತದೆ, ಚರ್ಚಿಗೆ ಮಧ್ಯಾಹ್ನದ ತನಕ ಕಾಯಬೇಕಾಗುತ್ತದೆ.

ಶುಕ್ರವಾರ ಸಂಜೆ ರೂಮಿಗೆ ಬ್ಯಾಗ್ ಹಾಕಿ ನೇರ ಹಳೇ ಪೇಟೆಯ ಚೌಕಕ್ಕೆ ಹೋದೆವು. ಹಳೇ ಪುರಭವನದ ಗೋಡೆಯ ಪಕ್ಕ ನೆಲದ ಕಲ್ಲುಹಾಸಿನಲ್ಲಿ ಬಿಳಿ ಕಲ್ಲಿನಿಂದ ಜೋಡಿಸಿದ 27 ಶಿಲುಬೆಗಳಿವೆ. ಎಲ್ಲರೂ ತಲೆಯೆತ್ತಿ ಗೋಪುರ ನೋಡುತ್ತಾ ಇವುಗಳ ಮೇಲೇ ನಡೆದು ಹೋಗುತ್ತಿದ್ದರು. 1620ರಲ್ಲಿ ಬಿಳಿ ಬೆಟ್ಟದ ಕಾಳಗದಲ್ಲಿ ಪ್ರಾಟೆಸ್ಟೆಂಟರು ಸೋತ ಮೇಲೆ, 1621ರ ಜೂನ್ 21ರಂದು ಅವರ 27 ಮುಂದಾಳುಗಳನ್ನು ಕೊಂದ ಜಾಗ ಇದು. ಅಮ್ಮ ಬಗ್ಗಿ ಒಂದೊಂದನ್ನೇ ಎಣಿಸಿದರು. ಆಮೇಲೆ ಅಲ್ಲಿ ಇದ್ದಷ್ಟು ಹೊತ್ತೂ ಅವುಗಳ ಮೇಲೆ ಕಾಲಿಡಲಿಲ್ಲ.

ಅದೇ ಪುರಭವನದ ಗೋಡೆಯಲ್ಲಿ ಆ ಪ್ರಸಿದ್ಧ ಗಡಿಯಾರ ಇದೆ. 1410ರದ್ದು, ಇವತ್ತಿಗೂ ನಡೆಯುತ್ತಿದೆ. ಗಂಟೆ ಹೊಡೆಯುವಾಗ ಮೇಲಿನ ಕಿಟಕಿಯಲ್ಲಿ ಯೇಸುವಿನ ಶಿಷ್ಯರ ಗೊಂಬೆಗಳು ಸುತ್ತುತ್ತವೆ, ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಕೊನೆಗೆ ಚಿನ್ನದ ಕೋಳಿ ಕೂಗುತ್ತದೆ. ಆ ಒಂದು ನಿಮಿಷಕ್ಕೆ ಚೌಕ ಪೂರ್ತಿ ಜನ, ಮುಂದಿನವರ ಮೊಬೈಲ್ ಬಿಟ್ಟು ಬೇರೇನೂ ಕಾಣುವುದಿಲ್ಲ. ನನ್ನ ಸಲಹೆ ಏನೆಂದರೆ, ಗಂಟೆ ಹೊಡೆದು ಹತ್ತು ನಿಮಿಷ ಕಳೆದ ಮೇಲೆ ಹೋಗಿ. ಜನ ಕರಗಿರುತ್ತಾರೆ. ನಿಜವಾಗಿ ನೋಡಬೇಕಾದ್ದು ಗೊಂಬೆಗಳನ್ನಲ್ಲ, ಗಡಿಯಾರದ ಮುಖವನ್ನು.

ನಮ್ಮ ಮನೆಯಲ್ಲಿ ಪಂಚಾಂಗ ನೋಡುವವರು ಅಮ್ಮ. ಆ ಮುಖ ಅವರಿಗೆ ನನಗಿಂತ ಬೇಗ ಅರ್ಥವಾಯಿತು. ಚಿನ್ನದ ಸೂರ್ಯ ಒಂದು ಕಡ್ಡಿಯ ಮೇಲೆ. ಅರ್ಧ ಕಪ್ಪು, ಅರ್ಧ ಬೆಳ್ಳಿಯ ಪುಟ್ಟ ಗುಂಡು ಚಂದ್ರ, ಪಕ್ಷಕ್ಕೆ ತಕ್ಕ ಹಾಗೆ ತಿರುಗುತ್ತದೆ. ಒಳಗಡೆ ಒಂದು ಬಳೆ, ಅದರ ಸುತ್ತ ಹನ್ನೆರಡು ರಾಶಿಯ ಗುರುತು. ಹೊರಗಡೆಯ ಕಪ್ಪು ಬಳೆಯಲ್ಲಿ 1ರಿಂದ 24. ಅದು ಹಳೇ ಬೊಹೀಮಿಯಾದ ಲೆಕ್ಕ. ಸೂರ್ಯ ಮುಳುಗಿದಾಗ 24 ಮುಗಿದು ಹೊಸ ದಿನ ಶುರು. ಅದಕ್ಕೇ ಸೂರ್ಯಾಸ್ತ ಸರಿದ ಹಾಗೆ ವರ್ಷವಿಡೀ ಆ ಬಳೆಯೂ ಸರಿಯುತ್ತಾ ಇರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡುವ ಬಾಗಿದ ಗೆರೆಗಳು. ಬೇಸಿಗೆಯಲ್ಲಿ ಆ ಪಾಲು ದೊಡ್ಡದು, ಚಳಿಗಾಲದಲ್ಲಿ ಚಿಕ್ಕದು. ನಾವು ರಾಹುಕಾಲಕ್ಕೆ ಹಗಲನ್ನು ಎಂಟು ಪಾಲು ಮಾಡುವುದಿಲ್ಲವಾ, ಅದೇ ರೀತಿ.

"ಸೂರ್ಯ ಈಗ ಯಾವ ರಾಶಿಯಲ್ಲಿ ಉಂಟು ಹೇಳು" ಅಂತ ಕೇಳಿದರು. ವೃತ್ತದ ಮೇಲೆ ಎರಡು ಕೊಂಬಿನ ಗುರುತು ತೋರಿಸಿ, ವೃಷಭ ಅಂದೆ.

"ಅದು ಹೇಗೆ ಮಾರಾಯ? ಬಿಸು ಆಗಿ ಎರಡು ವಾರ ಆಗ್ಲಿಲ್ಲ. ಸೂರ್ಯ ಇನ್ನೂ ಮೇಷದಲ್ಲೇ ಅಲ್ವಾ?"

ಬಿಸು ಅಂದರೆ ನಮ್ಮ ಕಡೆಯ ಸೌರ ಯುಗಾದಿ, ಸೂರ್ಯ ಮೇಷಕ್ಕೆ ಬರುವ ದಿನ. ಅಮ್ಮ ಹೇಳಿದ್ದೂ ಸರಿ, ಗಡಿಯಾರ ತೋರಿಸಿದ್ದೂ ಸರಿ. ಗಡಿಯಾರದ್ದು ಸಾಯನ ಲೆಕ್ಕ, ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾದ ದಿನ ಮೇಷ ಶುರು. ನಮ್ಮದು ನಿರಯನ, ನಕ್ಷತ್ರ ಹಿಡಿದು ಎಣಿಸುವುದು. ಎರಡಕ್ಕೂ ಈಗ ಸುಮಾರು 24 ಡಿಗ್ರಿ ಅಂತರ ಬಿದ್ದಿದೆ. ಇದನ್ನೆಲ್ಲ ಮಾತಾಡುತ್ತಾ ಅಲ್ಲೇ ಒಂದು ಗಂಟೆ ಕೂತೆವು. ಅಷ್ಟರಲ್ಲಿ ಕೋಳಿಯೂ ಕೂಗಿತು.

ಇನ್ನೊಂದು ಮಾತು. ಆ ಕಟ್ಟಡದ ಒಂದು ಪಕ್ಕ ಗೋಡೆ ಕತ್ತರಿಸಿದ ಹಾಗೆ ನಿಂತಿದೆ, ಅದರಾಚೆ ಖಾಲಿ ಜಾಗ. 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುವ ಕೊನೆಯ ದಿನಗಳಲ್ಲಿ, ಪುರಭವನಕ್ಕೆ ಬೆಂಕಿ ಬಿದ್ದು ಆ ಭಾಗ ಹೋಯಿತು. ಗಡಿಯಾರವೂ ಸುಟ್ಟಿತ್ತು. ಅದನ್ನು ರಿಪೇರಿ ಮಾಡಿ 1948ರಲ್ಲಿ ಮತ್ತೆ ನಡೆಸಿದರು. ಹೋದ ಭಾಗವನ್ನು ಮಾತ್ರ ಇವತ್ತಿಗೂ ಕಟ್ಟಿಲ್ಲ.

ಶನಿವಾರ ಬೆಳಿಗ್ಗೆ ಬೇಗ ಎದ್ದು ಆರು ಗಂಟೆ ಹೊತ್ತಿಗೆ ಚಾರ್ಲ್ಸ್ ಸೇತುವೆಗೆ ಹೋದೆವು. ಹತ್ತು ಗಂಟೆ ಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆ ಹೊತ್ತಿನಲ್ಲಿ ಬೆರಳೆಣಿಕೆಯಷ್ಟು ಜನ. 516 ಮೀಟರ್ ಉದ್ದ, ಎರಡೂ ಬದಿ ಸೇರಿ 30 ವಿಗ್ರಹಗಳು. ನಾಲ್ಕನೇ ಚಾರ್ಲ್ಸ್ ದೊರೆ ಇದರ ಮೊದಲ ಕಲ್ಲು ಇಟ್ಟದ್ದು 1357ರಲ್ಲಿ, 9ನೇ ತಾರೀಕು, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅಂತ ಹೇಳುತ್ತಾರೆ. ಸಾಲಾಗಿ ಬರೆದರೆ 1, 3, 5, 7, 9, 7, 5, 3, 1. ಜ್ಯೋತಿಷಿಗಳು ಹುಡುಕಿಕೊಟ್ಟ ಮುಹೂರ್ತವಂತೆ.

ಹಳೇ ಪೇಟೆಯ ಕಡೆಯ ಗೋಪುರದ ಹತ್ತಿರ ಸ್ವಲ್ಪ ನಿಲ್ಲಿ. ಚೌಕದಲ್ಲಿ ಸತ್ತ ಆ 27 ಮುಂದಾಳುಗಳಲ್ಲಿ 12 ಜನರ ತಲೆಗಳನ್ನು ಹತ್ತು ವರ್ಷ ತೂಗುಹಾಕಿದ್ದು ಇದಕ್ಕೇ. ಪೇಟೆಯ ಕಡೆಯಿಂದ ನೋಡಿದರೆ ಗೋಪುರದ ಮೈತುಂಬ ದೊರೆಗಳು, ಸಂತರು, ಲಾಂಛನಗಳು. ಅದನ್ನು ದಾಟಿ ಸೇತುವೆಯ ಮೇಲೆ ನಿಂತು ತಿರುಗಿ ನೋಡಿ. ಆ ಕಡೆಯ ಮುಖ ಬೋಳು. 1648ರಲ್ಲಿ ಸ್ವೀಡನ್ನಿನ ಸೈನ್ಯ ಆಚೆ ದಂಡೆ ಹಿಡಿದು ಇಲ್ಲಿಗೆ ಫಿರಂಗಿ ಹೊಡೆಯಿತು, ಅಲಂಕಾರ ಎಲ್ಲಾ ಉದುರಿತು. ಊರಿನವರೂ ವಿದ್ಯಾರ್ಥಿಗಳೂ ಸೇರಿ ಸೈನ್ಯ ಸೇತುವೆ ದಾಟದ ಹಾಗೆ ತಡೆದರು. ಕೋಟೆಯ ಕಿಟಕಿಯಲ್ಲಿ ಹೊತ್ತಿಕೊಂಡ ಯುದ್ಧ ಮೂವತ್ತು ವರ್ಷ ಊರೂರು ಸುತ್ತಿ ಬಂದು ಇದೇ ಸೇತುವೆಯಲ್ಲಿ ಮುಗಿಯಿತು. ಎರಡಕ್ಕೂ ನಡುವೆ ಒಂದು ಗುಡ್ಡ ಮಾತ್ರ.

ಸೇತುವೆ ದಾಟಿದರೆ ಕೋಟೆಯ ಬುಡದ ಪೇಟೆ ಮಾಲಾ ಸ್ತ್ರಾನಾ. ಅಲ್ಲಿಂದ ಕೋಟೆಗೆ ಎಲ್ಲರೂ ಮೆಟ್ಟಿಲು ಹತ್ತುತ್ತಾರೆ. ಮಂಡಿನೋವು ಇದ್ದವರು ದಯವಿಟ್ಟು ಹತ್ತಬೇಡಿ. 22ನೇ ನಂಬರ್ ಟ್ರಾಮ್ ಹಿಡಿದು ಪ್ರಾಜ್‌ಸ್ಕಿ ಹ್ರಾಡ್ ಸ್ಟಾಪಿನಲ್ಲಿ ಇಳಿಯಿರಿ. ಗುಡ್ಡದ ಮೇಲೆಯೇ ಬಿಡುತ್ತದೆ, ಅಲ್ಲಿಂದ ಕೋಟೆಗೆ ಹೆಚ್ಚುಕಮ್ಮಿ ಸಮನೆಲ. ನೋಡಿದ ಮೇಲೆ ಇಳಿಜಾರಿನಲ್ಲಿ ನಿಧಾನ ನಡೆದು ಕೆಳಗೆ ಬನ್ನಿ. ಟ್ರಾಮ್, ಮೆಟ್ರೋ, ಬಸ್ಸು ಎಲ್ಲಕ್ಕೂ ಒಂದೇ ಪಾಸು. ಕಾಗದದ ಪಾಸಾದರೆ ಮೊದಲ ಸಲ ಹಳದಿ ಡಬ್ಬಿಯಲ್ಲಿ ಸಮಯದ ಮುದ್ರೆ ಹಾಕಿಸಲೇಬೇಕು, ಇಲ್ಲದಿದ್ದರೆ ಕೈಯಲ್ಲಿದ್ದರೂ ದಂಡ.

ಕೋಟೆಯ ಅಂಗಳಗಳಿಗೆ ಟಿಕೆಟ್ ಬೇಡ, ಕಟ್ಟಡಗಳ ಒಳಗೆ ಬೇಕು. ಸೇಂಟ್ ವೀಟಸ್ ಚರ್ಚ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಒಳಗೆ ಎಡಗಡೆ ಚೆಕ್ ಚಿತ್ರಕಾರ ಆಲ್ಫೋನ್ಸ್ ಮೂಖಾ ಮಾಡಿದ ಬಣ್ಣದ ಗಾಜಿನ ಕಿಟಕಿ ಇದೆ, ನೋಡುವ ಹಾಗಿದೆ. ನಮ್ಮ ಗುರಿ ಮಾತ್ರ ಹಳೇ ಅರಮನೆ. ಅಲ್ಲಿಯ ವ್ಲಾದಿಸ್ಲಾವ್ ಸಭಾಂಗಣದೊಳಗೇ ಕುದುರೆ ಏರಿ ಪಂದ್ಯ ಆಡುತ್ತಿದ್ದರಂತೆ. ಕುದುರೆ ಹತ್ತಿ ಬರಲು ಮಾಡಿದ ಅಗಲದ ಮೆಟ್ಟಿಲುಗಳು ಈಗಲೂ ಇವೆ. ಪಕ್ಕದ ಕೋಣೆಯಲ್ಲಿ ಆ ಕಿಟಕಿ. ದಪ್ಪ ಗೋಡೆ, ಸಾಧಾರಣ ಕಿಟಕಿ, ಹೊರಗೆ ಇಣುಕಿದರೆ ತೋಟ. ಕಥೆ ಗೊತ್ತಿಲ್ಲದವರು ಅದನ್ನು ನೋಡದೆಯೇ ದಾಟುತ್ತಿದ್ದರು.

ಕೆಳಗೆ ಬಿದ್ದವರಿಗೆ ಆಶ್ರಯ ಕೊಟ್ಟದ್ದು ಪೊಲಿಕ್ಸೆನಾ ಎಂಬ ಲೊಬ್ಕೊವಿಟ್ಜ್ ಮನೆತನದ ಹೆಂಗಸು, ಕೋಟೆಯೊಳಗೇ ಇದ್ದ ತನ್ನ ಮನೆಯಲ್ಲಿ. ಈ ಹೆಸರು ನೆನಪಿಟ್ಟುಕೊಳ್ಳಿ.

ಕೋಟೆಯಿಂದ ನೆರುದೋವಾ ಬೀದಿ ಇಳಿದೆವು. ಮನೆಗಳಿಗೆ ನಂಬರ್ ಬರುವ ಮುಂಚೆ ಗುರುತಿಗೆ ಬಾಗಿಲ ಮೇಲೆ ಚಿತ್ರ ಇಡುತ್ತಿದ್ದರು. ಒಂದು ಮನೆಗೆ ಮೂರು ಪಿಟೀಲು, ಇನ್ನೊಂದಕ್ಕೆ ಎರಡು ಸೂರ್ಯ. ಅಮ್ಮ ಅವನ್ನು ಹುಡುಕುತ್ತಾ ಇಳಿದರು, ಮಂಡಿಯ ಮಾತೇ ಬರಲಿಲ್ಲ. ಕೆಳಗೆ ಕಾರ್ಮೆಲಿಟ್‌ಸ್ಕಾ ಬೀದಿಯಲ್ಲಿ ಒಂದು ಚರ್ಚ್. ಇದನ್ನು ಕಟ್ಟಿದವರು ಲೂಥರನ್ ಜರ್ಮನರು. ಬಿಳಿ ಬೆಟ್ಟದ ಸೋಲಿನ ಮೇಲೆ ಅದು ಅವರ ಕೈತಪ್ಪಿತು, 1624ರಲ್ಲಿ ಕಾರ್ಮೆಲೈಟ್ ಸನ್ಯಾಸಿಗಳಿಗೆ ಸಿಕ್ಕಿತು. ಅವರಿಗೆ 1628ರಲ್ಲಿ ಸ್ಪೇನಿನಿಂದ ಬಂದಿದ್ದ ಬಾಲ ಯೇಸುವಿನ ಮೇಣದ ಮೂರ್ತಿಯನ್ನು ಕೊಟ್ಟವಳು ಅದೇ ಪೊಲಿಕ್ಸೆನಾ.

ಬೆಂಗಳೂರಿನ ವಿವೇಕನಗರದ ಇನ್ಫೆಂಟ್ ಜೀಸಸ್ ಚರ್ಚ್ ಗೊತ್ತಲ್ಲ, ಗುರುವಾರ ಬಂತೆಂದರೆ ಎಲ್ಲಾ ಜಾತಿ ಧರ್ಮದವರೂ ಬರುವ ಜಾಗ. ಅಲ್ಲಿಯ ಬಾಲ ಯೇಸುವಿನ ಮೂಲ ಈ ಪ್ರಾಗ್ ಮೂರ್ತಿ. ಚಿಕ್ಕಮ್ಮನ ಮನೆ ಆ ಕಡೆಯೇ ಇದ್ದಾಗ ಅಮ್ಮ ಹಲವು ಸಲ ಅಲ್ಲಿಗೆ ಹೋಗಿದ್ದರು. ಬಲಗಡೆಯ ಪೀಠದ ಗಾಜಿನೊಳಗೆ ಮೊಳದಷ್ಟೇ ಎತ್ತರದ ಮೂರ್ತಿ ಕಂಡ ಕೂಡಲೇ ಗುರುತು ಹಿಡಿದರು. "ಇವನೇ ಅಲ್ವಾ ಮಗಾ?" ಅಂದವರು ಬೆಂಚಿನ ಮೇಲೆ ಕೂತು ಕೈಮುಗಿದರು.

ಮೂರ್ತಿಗೆ ಹಬ್ಬ, ಕಾಲಕ್ಕೆ ತಕ್ಕಂತೆ ಉಡುಪು ಬದಲಿಸುತ್ತಾರೆ. ಒಳಗಿನ ಸುರುಳಿ ಮೆಟ್ಟಿಲು ಹತ್ತಿದರೆ ಲೋಕದ ಬೇರೆಬೇರೆ ಕಡೆಯ ಭಕ್ತರು ಕಳಿಸಿದ ಪುಟ್ಟ ನಿಲುವಂಗಿಗಳನ್ನು ಇಟ್ಟಿದ್ದಾರೆ. ಮಾರಿಯಾ ತೆರೇಸಾ ರಾಣಿ ಕೊಟ್ಟದ್ದೂ ಇದೆ. ಚರ್ಚಿಗೂ ಇದಕ್ಕೂ ಟಿಕೆಟ್ ಇಲ್ಲ. ಅಮ್ಮ ಜರಿಯ ಕೆಲಸವನ್ನು ಗಾಜಿಗೆ ಮುಖ ತಾಗಿಸಿ ನೋಡಿದರು.

ಭಾನುವಾರ ಯೋಸೆಫೋವ್‌ನಲ್ಲಿ ಪಿಂಕಾಸ್ ಸಿನಗಾಗ್ ಒಂದಕ್ಕೆ ಸಮಯ ಇಟ್ಟಿದ್ದೆವು. ನಾಜಿಗಳು ಕೊಂದ ಸುಮಾರು 78,000 ಚೆಕ್ ಯಹೂದಿಗಳ ಹೆಸರುಗಳನ್ನು ಗೋಡೆಗಳ ಮೇಲೆ ಕೈಯಲ್ಲೇ ಬರೆದಿದ್ದಾರೆ, ಊರಿನ ಪ್ರಕಾರ, ಮನೆತನದ ಪ್ರಕಾರ. ಮಹಡಿಯಲ್ಲಿ ತೆರೆಜಿನ್ ಬಂದೀಖಾನೆಯ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅಲ್ಲಿಗೆ ಹೋಗುವ ದಿನ ಬೇರೇನನ್ನೂ ಇಟ್ಟುಕೊಳ್ಳದೆ ಇರುವುದೇ ಒಳ್ಳೆಯದು.

ಊಟದ ವಿಷಯ. ಶುದ್ಧ ಸಸ್ಯಾಹಾರಿಗಳಿಗೆ ಅಲ್ಲಿಯ ಹೋಟೆಲುಗಳಲ್ಲಿ ಕಷ್ಟವೇ. ಕರಿದ ಚೀಸ್, ಆಲೂಗಡ್ಡೆಯ ದೋಸೆಯಂಥದ್ದು ಸಿಗುತ್ತದೆ, ಎರಡಕ್ಕೂ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ನಾವು ಅಡುಗೆಮನೆ ಇದ್ದ ರೂಮು ಹಿಡಿದಿದ್ದೆವು. ಅಂಗಡಿಯ ಮೊಸರು, ಮನೆಯ ಚಟ್ನಿಪುಡಿ, ಅವಲಕ್ಕಿ, ಕುಕ್ಕರಿನಲ್ಲಿ ಅನ್ನ. ನಲ್ಲಿ ನೀರು ಕುಡಿಯಬಹುದು. ಅಲ್ಲಿ ಯೂರೋ ಅಲ್ಲ, ಕೊರುನಾ. ಕಾರ್ಡ್ ಎಲ್ಲಾ ಕಡೆ ನಡೆಯುತ್ತದೆ. ದುಡ್ಡು ಬದಲಿಸಲೇಬೇಕಾದರೆ ರಸೀದಿ ಇಟ್ಟುಕೊಳ್ಳಿ. ರೇಟು ಸರಿ ಕಾಣದಿದ್ದರೆ ಮೂರು ಗಂಟೆಯೊಳಗೆ ವಾಪಸ್ ಮಾಡುವ ಹಕ್ಕನ್ನು ಅಲ್ಲಿಯ ಕಾನೂನು ಕೊಟ್ಟಿದೆ. ಬೀದಿಯೆಲ್ಲಾ ಗುಂಡುಕಲ್ಲಿನ ಹಾಸು, ದಪ್ಪ ಅಟ್ಟೆಯ ಬೂಟು ಹಾಕಿ. ಅಮ್ಮನಿಗೆ ಬೂಟು ಕೊಂಡದ್ದು ಉಡುಪಿಯ ಬಾಟಾದಲ್ಲಿ. ಬಾಟಾ ಹುಟ್ಟಿದ್ದೂ ಇದೇ ದೇಶದ ಜ್ಲೀನ್ ಊರಿನಲ್ಲಿ, 1894ರಲ್ಲಿ. ಹೇಳಿದಾಗ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ, ವೆನ್ಸೆಸ್ಲಾಸ್ ಚೌಕದ ಅವರ ದೊಡ್ಡ ಅಂಗಡಿಯ ಮುಂದೆ ಕರೆದುಕೊಂಡು ಹೋಗಿ ತೋರಿಸಿದೆ.

ಸ್ಟ್ರಾಹೋವ್ ಮಠದ ಗ್ರಂಥಾಲಯ, ಪೆಟ್ರೀನ್ ಗುಡ್ಡ ಈ ಸಲ ಬಿಟ್ಟೆವು. ಅರ್ಧ ದಿನ ಜಾಸ್ತಿ ಇದ್ದವರಿಗೆ ನಾನು ಹೇಳುವುದು ವಿಶೆಹ್ರಾಡ್. ಹೊಳೆಯ ಮೇಲೆ ನಿಂತ ಹಳೇ ಕೋಟೆ. ಸಂಗೀತಗಾರರಾದ ದ್ವೋರ್‌ಝಾಕ್, ಸ್ಮೆತಾನಾ, ಕಿಟಕಿ ಮಾಡಿದ ಮೂಖಾ, ಎಲ್ಲರ ಸಮಾಧಿಯೂ ಅಲ್ಲೇ ಇದೆ. ಮೆಟ್ರೋ ಸಿ ಲೈನಿನಲ್ಲಿ ಅದೇ ಹೆಸರಿನ ಸ್ಟೇಷನ್. ಇಳಿದು ಹತ್ತು ನಿಮಿಷ ನಡೆದರಾಯಿತು, ದಾರಿ ಬಹಳ ಏರು ಇಲ್ಲ.