ಡ್ರೋನ್ ಫೋಟೋದಲ್ಲಿ ನೀರಿನ ಬಿಳಿ ಹೊಳಪು ಹೋಗಬೇಕಾ?

ನಾಟಿ ಗದ್ದೆ, ಕೆರೆ, ಹಿನ್ನೀರು ತೆಗೆಯುವಾಗ ಪೋಲರೈಸರ್ ಫಿಲ್ಟರ್ ಹಾಕಿ, ಕ್ಯಾಮೆರಾವನ್ನು ನೆಟ್ಟಗೆ ಕೆಳಕ್ಕೆ ಇಳಿಸದೆ ಗಿಂಬಲ್ ಅನ್ನು (ಕ್ಯಾಮೆರಾ ಅಲುಗದಂತೆ ಹಿಡಿದು ತಿರುಗಿಸುವ ಮೋಟಾರ್ ಸ್ಟ್ಯಾಂಡ್) ಅಡ್ಡ ಮಟ್ಟದಿಂದ ಕೆಳಕ್ಕೆ 35-40 ಡಿಗ್ರಿ ಮಾತ್ರ ಬಗ್ಗಿಸಿ. ಬಿಳಿ ಹೊಳಪು ಮಾಯವಾಗಿ ಪೈರಿನ ಸಾಲು, ಕೆಸರು, ಪಾಚಿಯ ಬಣ್ಣ ಎಲ್ಲ ಎದ್ದು ಕಾಣುತ್ತದೆ. ಆ ಕೋನದಲ್ಲಿ ನೀರಿನಿಂದ ಪ್ರತಿಫಲಿಸುವ ಬೆಳಕು ಹೆಚ್ಚುಕಮ್ಮಿ ಪೂರ್ತಿ ಅಡ್ಡಕ್ಕೆ ಕಂಪಿಸುತ್ತಿರುತ್ತದೆ, ಫಿಲ್ಟರ್ ಅದನ್ನೇ ತಡೆಯುತ್ತದೆ. ನೆಟ್ಟಗೆ ಕೆಳಗೆ ನೋಡಿದರೆ ಈ ಗುಣ ಇರುವುದಿಲ್ಲ, ಆಗ ಫಿಲ್ಟರ್ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಹಾರಿಸುವ ಮೊದಲು ನೆಲದಲ್ಲೇ ಹೊಂದಿಸಿಕೊಳ್ಳಿ: ಡ್ರೋನ್ ಆನ್ ಮಾಡಿ ಯಾವುದಾದರೂ ಗುಂಡಿಯ ನೀರನ್ನು ಓರೆಯಾಗಿ ತೋರಿಸಿ, ಫೋನಿನಲ್ಲಿ ನೋಡುತ್ತಾ ಹೊಳಪು ಸಾಯುವ ತನಕ ಫಿಲ್ಟರ್ ರಿಂಗನ್ನು ತಿರುಗಿಸಿ, ಮೆಲ್ಲಗೆ ಆಯ್ತಾ, ಗಿಂಬಲ್ ಮೋಟಾರ್ ಬಲು ನಾಜೂಕು. ಗಿಂಬಲ್ ಸದಾ ಮಟ್ಟವಾಗಿರುವುದರಿಂದ ಮೇಲೆ ಹೋದಮೇಲೆ ಡ್ರೋನ್ ಯಾವ ದಿಕ್ಕಿಗೆ ತಿರುಗಿದರೂ ನೀರಿನ ಮಟ್ಟಿಗೆ ಅದೇ ಸೆಟ್ಟಿಂಗ್ ನಡೆಯುತ್ತದೆ. ಆಕಾಶಕ್ಕೆ ನಡೆಯಲ್ಲ, ಅಲ್ಲಿ ಸೂರ್ಯ ಎಲ್ಲಿದ್ದಾನೆ ಅನ್ನೋದರ ಮೇಲೆ ಬದಲಾಗುತ್ತದೆ, ಅದಕ್ಕೇ ಪನೋರಮಾ ತೆಗೆದರೆ ನೀಲಿ ಒಂದು ಕಡೆ ಗಾಢ, ಒಂದು ಕಡೆ ತೆಳು ಆಗಿ ವಿಕಾರವಾಗಿ ಬರುತ್ತದೆ. ಗಾಳಿಗೆ ಅಲೆ ಎದ್ದಿದ್ದರೂ ಅರ್ಧಂಬರ್ಧ ಫಲಿತಾಂಶವೇ. ಫಿಲ್ಟರ್ ಹಾಕಿದರೆ ಬೆಳಕು ಒಂದರಿಂದ ಎರಡು ಸ್ಟಾಪ್ ಕಮ್ಮಿಯಾಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ಹಾಗಾಗಿ ಬೆಳಗಿನ ಜಾವದ ಮಂಜಿನಲ್ಲಿ ಫಿಲ್ಟರ್ ಬಿಚ್ಚಿಟ್ಟುಬಿಡಿ, ಇಲ್ಲದಿದ್ದರೆ ಸುಮ್ನೆ ಐಎಸ್ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ) ಏರಿ ಫೋಟೋ ಕಾಳುಕಾಳಾಗುತ್ತದೆ. ಇನ್ನು ಕೆರೆಯಲ್ಲಿ ಬೆಳ್ಳಕ್ಕಿ, ಹೆಜ್ಜಾರ್ಲೆ ಕೂತಿದ್ದರೆ ಅವತ್ತು ಡ್ರೋನ್ ಬ್ಯಾಗಿನಲ್ಲೇ ಇರಲಿ.