ತೊಗರಿ ನಾಡಿನಲ್ಲಿ ಕೂತು ಆಕಾಶದ ಮಸೂರ ಹುಡುಕುವುದು ಹೇಗೆ?

ಮಸೂರ ಅಂದರೆ ಬೇಳೆ. ಆ ಬೇಳೆಯ ಆಕಾರದಿಂದಲೇ ಗಾಜಿನ ಮಸೂರಕ್ಕೂ ಹೆಸರು ಬಂತು. ಕಲಬುರಗಿಯ ಮನೆಗಳಲ್ಲಿ ಮೊರ ಹಿಡಿದು ಬೇಳೆ ಹಸನು ಮಾಡಿದ ಕಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದ್ದು. ದೂರದರ್ಶಕ ಬೇಡ. ಕಂಪ್ಯೂಟರ್, ಇಂಟರ್ನೆಟ್ ಇದ್ದರೆ ಸಾಕು. ಮೋಡ ಕವಿದ ದಿನವೂ ಮಾಡಬಹುದು.

ಎರಡು ಗ್ಯಾಲಕ್ಸಿಗಳು ನಮ್ಮ ನೇರಕ್ಕೆ ಒಂದರ ಹಿಂದೊಂದು ಬಂದಾಗ, ಮುಂದಿನದರ ಗುರುತ್ವ ಹಿಂದಿನದರ ಬೆಳಕನ್ನು ಬಾಗಿಸುತ್ತದೆ. ಹಿಂದಿನದು ಬಿಲ್ಲಿನಂತೆ, ಅಪರೂಪಕ್ಕೆ ಪೂರ್ತಿ ಬಳೆಯಂತೆ ಕಾಣುತ್ತದೆ. ಗಾಜಿನ ಮಸೂರದಂತೆ ಬೆಳಕು ಬಾಗಿಸುವ ಆ ಮುಂದಿನ ಗ್ಯಾಲಕ್ಸಿಯೇ ಆಕಾಶದ ಮಸೂರ, ಅಂದರೆ ಗುರುತ್ವ ಮಸೂರ.

ಮೊದಲು ಖಚಿತವಾದ ಒಂದು ಮಸೂರ ನೋಡಿ. ಆಕಾಶದ ಚಿತ್ರ ತೆಗೆದಿಟ್ಟ ‘ಲೆಗಸಿ ಸರ್ವೆ’ ಯೋಜನೆಯ ಸ್ಕೈ ವ್ಯೂವರ್ ಜಾಲತಾಣ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. 177.138, 19.501 ಎಂದು ಟೈಪ್ ಮಾಡಿ ಜೂಮ್ ಮಾಡಿ; ಆಕಾಶದಲ್ಲಿ ಆ ಜಾಗ ಎಲ್ಲಿದೆ ಎಂದು ಹೇಳುವ ಅಂಕಿಗಳಿವು. ನಡುವೆ ಕೆಂಪು ಛಾಯೆಯ ಗ್ಯಾಲಕ್ಸಿ, ಸುತ್ತ ನೀಲಿ ಲಾಳ. ಇದು 2007ರಲ್ಲಿ ಪತ್ತೆಯಾದ ಕಾಸ್ಮಿಕ್ ಹಾರ್ಸ್‌ಶೂ. ಐದು ನಿಮಿಷ ಸುಮ್ನೆ ನೋಡುತ್ತಾ ಕೂಡಿ. ಇದು ಕಣ್ಣಲ್ಲಿ ಕೂತರೆ ಮುಂದಿನದು ಸಲೀಸು.

ಇನ್ನು ಹರಳು ಆರಿಸುವ ಕೆಲಸ. ನಿಜ ಹೇಳಬೇಕೆಂದರೆ ಕಷ್ಟ ಇರುವುದೇ ಇಲ್ಲಿ. ಸುರುಳಿ ಗ್ಯಾಲಕ್ಸಿಯ ತೋಳೂ ನೀಲಿಯೇ, ಅದೂ ಬಾಗಿರುತ್ತದೆ. ಆದರೆ ತೋಳು ನಡುವಿನಿಂದಲೇ ಹೊರಡುತ್ತದೆ. ಮಸೂರದ ಬಿಲ್ಲು ನಡುವಿನಿಂದ ದೂರ ನಿಂತು ಅದನ್ನು ಬಳಸಿರುತ್ತದೆ. ಒಂದು ಕಡೆ ಬಿಲ್ಲು ಕಂಡರೆ ಎದುರು ಬದಿ ನೋಡಿ. ಅಲ್ಲಿ ನಡುವಿಗೆ ಹತ್ತಿರವಾಗಿ ಚಿಕ್ಕ ಚುಕ್ಕಿ ಇದೆಯಾ? ಅದರ ಬಣ್ಣ ಬಿಲ್ಲಿನದ್ದೇನಾ? ಗುರುತ್ವ ಬೆಳಕನ್ನು ಬಾಗಿಸುತ್ತದೆ, ಬಣ್ಣ ಬದಲಿಸುವುದಿಲ್ಲ. ಹಾಗಾಗಿ ನಾನು ಜಾಸ್ತಿ ನಂಬುವುದು ಈ ಬಣ್ಣದ ಪರೀಕ್ಷೆಯನ್ನೇ. ಅನುಮಾನ ಉಳಿದರೆ ‘ರೆಸಿಡ್ಯುಯಲ್ಸ್’ ಪದರ ಹಾಕಿ. ನಡುವಿನ ಗ್ಯಾಲಕ್ಸಿಯ ಬೆಳಕು ಕಳೆದುಹೋಗಿ, ಅದರಲ್ಲಿ ಮುಳುಗಿದ್ದ ಬಿಲ್ಲು ಎದ್ದು ಕಾಣಬಹುದು.

ಯಂತ್ರವೇ ಹುಡುಕಬಹುದಲ್ವಾ? ಹುಡುಕುತ್ತದೆ, ಆದರೆ ಮೋಸವೂ ಹೋಗುತ್ತದೆ. 2023ರಲ್ಲಿ ಹಾರಿದ ಯೂಕ್ಲಿಡ್ ದೂರದರ್ಶಕದ ಚಿತ್ರಗಳನ್ನು ಮೊದಲು ಎಐ ಸೋಸಿತು. ಆಮೇಲೆ ಜನಸಾಮಾನ್ಯರೇ ಆನ್‌ಲೈನಲ್ಲಿ ಮಸೂರ ಹುಡುಕುವ ಸ್ಪೇಸ್ ವಾರ್ಪ್ಸ್ ಯೋಜನೆಯ ಸ್ವಯಂಸೇವಕರು ನೋಡಿದರು, ಕೊನೆಗೆ ತಜ್ಞರು. 2025ರ ಮಾರ್ಚ್‌ನಲ್ಲಿ ಸುಮಾರು 500 ಸಂಭವನೀಯ ಮಸೂರಗಳ ಪಟ್ಟಿ ಹೊರಬಂತು. ‘ಸಂಭವನೀಯ’ ಎನ್ನಲು ಕಾರಣವಿದೆ: ಎರಡೂ ಗ್ಯಾಲಕ್ಸಿಗಳ ದೂರ ಬೇರೆ ಬೇರೆ ಎಂದು ರೋಹಿತದಿಂದ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿ, ಅಳೆದ ಮೇಲೆಯೇ ನಂಬಿಕೆ ಗಟ್ಟಿಯಾಗುತ್ತದೆ.

ಶಾಲೆಯಲ್ಲಿ ಮಾಡಿಸುವುದಾದರೆ ಹತ್ತು ಮಕ್ಕಳಿಗೂ ಒಂದೇ ಚಿತ್ರ ಕೊಡಿ. ಪಕ್ಕದವರಿಗೆ ಹೇಳದೆ ಗುರುತು ಹಾಕಲಿ. ಎಲ್ಲರ ಗುರುತು ಒಂದೇ ಕಡೆ ಬಿದ್ದರೆ, ಆ ಜಾಗದ ಅಂಕಿ ಬರೆದಿಟ್ಟುಕೊಳ್ಳಿ.